ಖಾಕಿ ತೊಟ್ಟ ಮಕ್ಕಳಿಗೆ ಹರಿಪುರದಿಂದ ಕಿವಿಮಾತು

ಸಾಂಗಲಿಯ ಪಕ್ಕದಲ್ಲಿ ಕೃಷ್ಣೆಗೆ ವಾರಣೆ ಬಂದು ಕೂಡುವ ಊರು ನಮ್ಮ ಹರಿಪುರ. ಮಹಾರಾಷ್ಟ್ರ ಪೊಲೀಸಿನಲ್ಲಿ ಶಿಪಾಯಿಯಾಗಿ ಸೇರಿ ಹವಾಲ್ದಾರನಾಗಿ ನಿವೃತ್ತನಾದವನು ನಾನು. ಮನೆಮಾತು ಕನ್ನಡ, ಠಾಣೆಯ ಮಾತು ಮರಾಠಿ. ಜತ್ತ, ಮಿರಜ ಕಡೆಯ ಹುಡುಗರು ಮಹಾರಾಷ್ಟ್ರ ಪೊಲೀಸಿಗೆ ಸೇರುತ್ತಾರೆ, ಕಾಗವಾಡ, ಅಥಣಿ, ರಾಯಬಾಗದವರು ಕರ್ನಾಟಕ ಪೊಲೀಸಿಗೆ. ತಾಸಗಾಂವ ತಾಲ್ಲೂಕಿನ ತುರ್ಚಿಯಲ್ಲೋ ಬೆಳಗಾವಿಯ ಖಾನಾಪುರದಲ್ಲೋ ತರಬೇತಿ ಮುಗಿಸಿ ಹೊಸ ಬೂಟು ಹಾಕಿಕೊಂಡು ಕೆಲವರು ನಮ್ಮ ಮನೆಗೂ ಬರುತ್ತಾರೆ. "ಕಾಕಾ, ಏನಾರ ಹೇಳ್ರಿ" ಅನ್ನುತ್ತಾರೆ. ಕವಾಯತು, ಗುಂಡು ಹಾರಿಸುವುದು, ಕಾನೂನಿನ ಕಲಮು ಎಲ್ಲವೂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸೇತುವೆಯ ಕಟ್ಟೆಯ ಮೇಲೆ ನಿಂತವನ ಎದುರಿಗೆ, ನಡುರಾತ್ರಿ ಕೊಡಲಿ ಹಿಡಿದು ಅಂಗಳದಲ್ಲಿ ಸುತ್ತುವವನ ಎದುರಿಗೆ, ಹೊಳೆ ಏರಿದರೂ ಮನೆ ಬಿಡದ ಮುದುಕಿಯ ಎದುರಿಗೆ ಮೊದಲ ಮಾತು ಏನಾಡಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

• ಮಾತು ಹುಟ್ಟುಗುಣ ಅಂತ ತಿಳಿಯಬೇಡ, ತಮ್ಮಾ. "ಅವನು ಮೊದಲಿಂದಲೂ ಮೃದು, ನನಗೆ ಬರೋದಿಲ್ಲ" ಎಂದು ಹೇಳುವ ಪೊಲೀಸರನ್ನು ಬಹಳ ನೋಡಿದ್ದೇನೆ. ರೈಫಲ್ ಬಿಚ್ಚಿ ಜೋಡಿಸುವುದು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ, ನೂರು ಸಲ ಮಾಡಿಸಿದ ಮೇಲೆ ಕೈಗೆ ಹತ್ತಿತು. ಕಷ್ಟದಲ್ಲಿರುವವನ ಜೊತೆ ಮಾತಾಡುವುದೂ ಹಾಗೇ ರೂಢಿಯಿಂದ ಬರುತ್ತದೆ. ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಮನುಷ್ಯ ರೂಢಿಯಾದದ್ದನ್ನೇ ಮಾಡುತ್ತಾನೆ. ರೂಢಿಯಾದದ್ದು ಬೈಗುಳ ಮಾತ್ರವಾಗಿದ್ದರೆ ಬೈಗುಳವೇ ಬರುತ್ತದೆ.

• ರೂಢಿ ಮಾಡಲು ನಾಟಕದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಸಾಂಗಲಿ ನಾಟಕದ ಊರು. 1843ರಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ' ಆಡಿಸಿದ್ದು ಇಲ್ಲಿಯೇ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳ. ಇಂಥ ಊರಿನಲ್ಲಿ ಒಬ್ಬ ಹವ್ಯಾಸಿ ನಟನನ್ನು ಕರೆಸಿ, ಕುಡಿದು ಗಲಾಟೆ ಮಾಡುವ ಗಂಡನ ಪಾತ್ರ ಕೊಟ್ಟು, ಎದುರಿಗೆ ಇಬ್ಬರು ಹೊಸ ಶಿಪಾಯಿಗಳನ್ನು ನಿಲ್ಲಿಸುವುದು ಕಷ್ಟವೇ? ಕಾಲು ಗಂಟೆ ಆಡಿಸಿ, ನಿಲ್ಲಿಸಿ, ಎಲ್ಲಿ ದನಿ ಏರಿತು, ಎಲ್ಲಿ ಕಾಲು ಮುಂದೆ ಹೋಯಿತು ಎಂದು ತೋರಿಸಿ, ಮತ್ತೆ ಆಡಿಸಬೇಕು. ಠಾಣೆಯಲ್ಲಿ ಮಳೆ ಬಂದು ಕವಾಯತು ತಪ್ಪಿದ ದಿನ ಇದನ್ನು ಮಾಡಬಹುದು. ಸಾಹೇಬರು ಮಾಡಿಸದಿದ್ದರೆ ನೀವು ನಾಲ್ಕು ಮಂದಿ ಸೇರಿ ಮಾಡಿಕೊಳ್ಳಿ.

• ಸ್ಥಳ ಮುಟ್ಟಿದ ಕೂಡಲೇ ಓಡಬೇಡ. ಜೀಪಿನ ಸೈರನ್ ದೂರದಲ್ಲೇ ನಿಲ್ಲಿಸು, ಕೆಂಪು ದೀಪ ಆರಿಸು. ನಿಂತು ನೋಡು. ಕೈಯಲ್ಲಿ ಏನಿದೆ, ಹಿಂದೆ ಏನಿದೆ, ಮಗು ಇದೆಯೇ, ಸೀಮೆಎಣ್ಣೆಯ ವಾಸನೆ ಇದೆಯೇ, ನಿನಗೆ ಹಿಂದೆ ಸರಿಯಲು ದಾರಿ ಇದೆಯೇ? ಕೈಯಲ್ಲಿ ಆಯುಧ ಇದ್ದವನಿಗೂ ನಿನಗೂ ನಡುವೆ ಒಂದು ಗಾಡಿಯೋ ಗೋಡೆಯೋ ಇರಲಿ. ದೂರ ಇದ್ದರೆ ಇಬ್ಬರಿಗೂ ಸಮಯ ಸಿಗುತ್ತದೆ, ಹತ್ತಿರ ಹೋದರೆ ಇಬ್ಬರೂ ಹೆದರುತ್ತೀರಿ. ಬೇರೆಯವರ ಜೀವಕ್ಕೆ ಆ ಗಳಿಗೆಯಲ್ಲೇ ಅಪಾಯವಿದ್ದರೆ ಮಾತು ಬಿಟ್ಟು ಕೈ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಪ್ರಸಂಗ ನಾವು ತಿಳಿದುಕೊಂಡಷ್ಟು ಹೆಚ್ಚಲ್ಲ.

• ಒಬ್ಬರೇ ಮಾತಾಡಿ. ನಾಲ್ಕು ಮಂದಿ ಪೊಲೀಸರು ನಾಲ್ಕು ದಿಕ್ಕಿನಿಂದ "ಕೆಳಗಿಳಿ", "ಚಾಕು ಬಿಡು", "ಏ, ಇತ್ತ ನೋಡು" ಎಂದು ಕೂಗಿದರೆ ಅವನು ಯಾರ ಮಾತು ಕೇಳಬೇಕು? ಮಾತಾಡುವವನು ಯಾರು ಎಂದು ಜೀಪಿನಲ್ಲೇ ತೀರ್ಮಾನಿಸಿ. ಅವನು ಅತಿ ಹಿರಿಯ ಅಧಿಕಾರಿಯೇ ಆಗಬೇಕೆಂದಿಲ್ಲ. ಉಳಿದವರು ಜನರನ್ನು ಸರಿಸಲಿ, ಆಂಬುಲೆನ್ಸ್ ಕರೆಯಲಿ, ಮನೆಯವರಿಂದ ಹಿನ್ನೆಲೆ ಕೇಳಿ ಮಾತಾಡುವವನ ಕಿವಿಗೆ ಮುಟ್ಟಿಸಲಿ.

• ದನಿ ಇಳಿಸು. ಅವನು ಏರಿಸಿದಷ್ಟೂ ನೀನು ಇಳಿಸು. ಮಿರಜದಲ್ಲಿ ತಂಬೂರಿ ಮಾಡುವವರ ಓಣಿಗೆ ಹೋಗಿ ನೋಡು: ತಂತಿ ಕೂಡಿಸುವವನು ಒಂದು ಸ್ವರ ಹಿಡಿದು ಮೀಟುತ್ತಲೇ ಇರುತ್ತಾನೆ, ಉಳಿದ ತಂತಿಗಳು ನಿಧಾನಕ್ಕೆ ಅದರ ಹತ್ತಿರ ಬರುತ್ತವೆ. ಮಾತಾಡುವವನ ದನಿ ಆ ಒಂದು ಸ್ವರದಂತೆ ನಿಂತಿರಬೇಕು. ಆಗುವುದಾದರೆ ಕೂತುಕೋ. ಕೂತ ಪೊಲೀಸನನ್ನು ಕಂಡರೆ ಎದುರಿನವನಿಗೆ ಅರ್ಧ ಭಯ ಹೋಗುತ್ತದೆ. ಟೋಪಿ ತೆಗೆದು ಪಕ್ಕಕ್ಕಿಟ್ಟರೂ ಒಳ್ಳೆಯದು. ಇದರಿಂದ ಖಾಕಿಯ ಮಾನ ಹೋಗುವುದಿಲ್ಲ.

• ಅವನ ಮಾತಿನಲ್ಲಿ ಮಾತಾಡು. ನಮ್ಮ ಗಡಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಮಾತು, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ ಬಂದಾಗಿನಿಂದ ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯ ಕನ್ನಡ ಜನ ಮಿರಜಕ್ಕೆ ಔಷಧಕ್ಕೆ ಬರುತ್ತಿದ್ದಾರೆ. ಆಸ್ಪತ್ರೆಯ ಹೊರಗೆ ಸಾಲದ ಲೆಕ್ಕ ಹಾಕುತ್ತ ಕೂತ ರೈತ, ಮಗುವನ್ನು ಕಳೆದುಕೊಂಡ ತಾಯಿ, ಇವರಿಗೆ ಆ ಗಳಿಗೆಯಲ್ಲಿ ಬರುವುದು ತಾಯಿಮಾತು ಒಂದೇ. ಒಮ್ಮೆ ಮಿರಜ ಜಂಕ್ಷನ್ನಿನಲ್ಲಿ ಒಬ್ಬ ಮನುಷ್ಯ ಹಳಿಯ ಪಕ್ಕದಲ್ಲಿ ಕೂತು ಯಾರು ಕರೆದರೂ ಏಳುತ್ತಿರಲಿಲ್ಲ. ಲೋಹಮಾರ್ಗ (ರೈಲ್ವೆ) ಪೊಲೀಸರು ಮೂವರು ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಿದರು. ಅವನು ಕಲ್ಲಾಗಿ ಕೂತಿದ್ದ. ನಾನು ನಾಲ್ಕು ಹೆಜ್ಜೆ ಆಚೆ ಕುಕ್ಕುರುಗಾಲಲ್ಲಿ ಕೂತು, "ಯಣ್ಣಾ, ಊಟ ಆಗೇತೇನು? ಯಾವೂರು ನಿಮ್ಮದು?" ಅಂದೆ. ಬಹಳ ಹೊತ್ತಿನ ಮೇಲೆ "ರಾಯಬಾಗ" ಎಂಬ ಒಂದೇ ಮಾತು ಬಂತು. ಆಮೇಲೆ ಅಳು ಬಂತು. ಅಳು ಬಂದ ಮೇಲೆ ಅವನು ನನ್ನ ಜೊತೆ ಚಹಾ ಅಂಗಡಿಗೆ ನಡೆದು ಬಂದ. ಆ ಮೂವರು ಪೊಲೀಸರೂ ಒಳ್ಳೆಯವರೇ, ಕೆಟ್ಟ ಮಾತಾಡಿರಲಿಲ್ಲ. ಅವರ ಬಳಿ ಕನ್ನಡ ಇರಲಿಲ್ಲ, ಅಷ್ಟೆ. ಕರ್ನಾಟಕದ ಠಾಣೆಯಲ್ಲಿರುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ: ಕಾಗವಾಡದಲ್ಲೋ ನಿಪ್ಪಾಣಿಯಲ್ಲೋ ಮರಾಠಿ ಹೆಣ್ಣುಮಗಳು ಅಳುತ್ತ ಬಂದಾಗ ಗಡಿಯ ಜಗಳ ನೆನಪಿಗೆ ಬರಬಾರದು. "ಮಾವಶೀ, ಬಸಾ" ಎಂದು ಮೊದಲು ಕೂರಿಸು. ಪ್ರತಿ ಠಾಣೆಯಲ್ಲೂ ಕನ್ನಡ, ಮರಾಠಿ, ಉರ್ದು, ತೆಲುಗು ಬಲ್ಲವರ ಹೆಸರು ಮತ್ತು ಫೋನ್ ನಂಬರ್ ಗೋಡೆಯ ಮೇಲಿರಲಿ. ಹಣ್ಣಿನ ವ್ಯಾಪಾರಿ, ನರ್ಸು, ಲಾರಿ ಡ್ರೈವರ್ ಯಾರಾದರೂ ಆದೀತು.

• ಹೆಸರು ಕೇಳು, ಹೆಸರಿನಿಂದ ಕರೆ. ವಯಸ್ಸಿಗೆ ತಕ್ಕಂತೆ ಅಣ್ಣಾ, ಅಕ್ಕಾ, ಅಜ್ಜಾ, ತಂಗೀ ಸೇರಿಸು. ಏಕವಚನದ ಬೈಗುಳದಿಂದ ಆ ಹೊತ್ತಿನಲ್ಲಿ ಯಾರೂ ಬದುಕಿ ಬಂದಿಲ್ಲ.

• ಕೇಳಿಸಿಕೋ. ಅವನು ಹೇಳಿದ್ದನ್ನೇ ನಿನ್ನ ಮಾತಿನಲ್ಲಿ ಅವನಿಗೆ ತಿರುಗಿ ಹೇಳು: "ಅಂದರ ಸೊಸೈಟಿ ಸಾಲ ತೀರಸಾಕ ಆಗಲಿಲ್ಲ, ಮ್ಯಾಲ ತಮ್ಮನೂ ಮನಿ ಬಿಟ್ಟು ಹ್ವಾದ, ಹೌದಲ್ಲ?" ಹೌದು ಎಂದರೆ ನೀನು ಒಳಗೆ ಹೋದೆ. ಅಲ್ಲ ಎಂದು ತಿದ್ದಿದರೂ ಸರಿ, ಅವನು ಮಾತಾಡುತ್ತಿದ್ದಾನೆ. ನಡುವೆ ಮೌನ ಬಂದರೆ ಹೆದರಿ ತುಂಬಬೇಡ. "ಇದೇನು ದೊಡ್ಡದು", "ಹೆಂಡತಿ ಮಕ್ಕಳ ಮುಖ ನೋಡಬೇಡವಾ", "ಗಂಡಸಲ್ಲವಾ ನೀನು" ಇವು ಮೂರನ್ನು ಬಾಯಿಂದ ತೆಗೆದು ಹಾಕು. ನಾಚಿಕೆಯಿಂದ ಸಾಯಲು ಹೊರಟವನಿಗೆ ಇನ್ನಷ್ಟು ನಾಚಿಕೆ ಕೊಡುವ ಮಾತುಗಳವು.

• ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳು. "ಜೀವಾ ಕಳಕೋಬೇಕು ಅನಸಾಕತ್ತೈತೇನು, ಅಕ್ಕಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂದು ನಮ್ಮ ಕಡೆ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ಮನೋವೈದ್ಯರೆಲ್ಲ ಒಂದೇ ಮಾತು ಹೇಳುತ್ತಾರೆ. ಯಾರೂ ಕೇಳದೆ ಒಳಗೇ ಇಟ್ಟುಕೊಂಡಿದ್ದನ್ನು ಹೇಳಲು ಬಾಗಿಲು ತೆರೆದಂತಾಗುತ್ತದೆ.

• ಸುಳ್ಳು ಭರವಸೆ ಕೊಡಬೇಡ. "ಕೆಳಗಿಳಿ, ನಿನ್ನ ಸಾಲ ನಾಳೆನೇ ಮನ್ನಾ", "ಕೇಸು ಹಾಕೋದಿಲ್ಲ, ದೇವರಾಣೆ" ಎಂದು ಇಳಿಸಿ, ಇಳಿದ ಕೂಡಲೇ ಕೆನ್ನೆಗೆ ಬಾರಿಸಿ ಜೀಪಿಗೆ ಎಳೆದೊಯ್ದರೆ, ಆ ದಿನ ಒಂದು ಜೀವ ಉಳಿಯಬಹುದು. ಮುಂದೆ ಅದೇ ಊರಿನಲ್ಲಿ ಯಾವ ಪೊಲೀಸನ ಮಾತಿಗೂ ಬೆಲೆ ಇರುವುದಿಲ್ಲ. ಕೊಡಬಹುದಾದದ್ದನ್ನು ಮಾತ್ರ ಕೊಡು: ನೀರು, ಮನೆಯವರಿಗೆ ಒಂದು ಫೋನು, ತಹಶೀಲ್ದಾರರ ಹತ್ತಿರ ಜೊತೆಗೆ ಬರುವ ಮಾತು. ಕೊಟ್ಟದ್ದನ್ನು ಮಾಡು.

• ಅವಸರ ಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆಯಾಳುಗಳು ಸತ್ತ ದುರಂತದ ಮರುವರ್ಷ ನ್ಯೂಯಾರ್ಕ್ ಪೊಲೀಸರಲ್ಲಿ ಹಾರ್ವೆ ಶ್ಲಾಸ್‌ಬರ್ಗ್, ಫ್ರ್ಯಾಂಕ್ ಬೋಲ್ಜ್ ಎಂಬ ಇಬ್ಬರು ಒತ್ತೆಯಾಳುಗಳನ್ನು ಬಿಡಿಸಲು ಮಾತುಕತೆಯ ಪದ್ಧತಿ ಕಟ್ಟಿದರು. ಅದರ ಬುಡದಲ್ಲಿರುವುದು ಕಾಯುವುದು; ಹೊತ್ತು ಕಳೆದಂತೆ ಸಿಟ್ಟು ಇಳಿಯುತ್ತದೆ, ಹಸಿವು ಬಾಯಾರಿಕೆ ಏಳುತ್ತದೆ, ಮನುಷ್ಯ ಮನುಷ್ಯನಾಗುತ್ತಾನೆ. ಕನ್ನಡಿಗರಿಗೆ ಇದು ಹೊಸದಲ್ಲ. 2000ನೇ ಇಸವಿಯ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ಒಯ್ದ ಡಾ. ರಾಜ್‌ಕುಮಾರ್ 108 ದಿನಗಳ ಮೇಲೆ ಮನೆಗೆ ಬಂದರು. ಅಷ್ಟು ದಿನ ಸಂಧಾನದ ಎಳೆ ಹರಿಯದಂತೆ ಹಿಡಿದಿದ್ದರಿಂದಲೇ ಬಂದರು. ನಿನ್ನ ಮುಂದಿನ ಪ್ರಸಂಗಕ್ಕೆ 108 ದಿನ ಬೇಡ, ಬಹುಪಾಲು ಎರಡು ಮೂರು ಗಂಟೆ ಸಾಕು. ಆ ಎರಡು ಗಂಟೆಯನ್ನು ಕೊಡಲು ಮೇಲಿನ ಸಾಹೇಬರೂ ಕಲಿಯಬೇಕು. ವೈರ್‌ಲೆಸ್‌ನಲ್ಲಿ "ಇನ್ನೂ ಎಷ್ಟು ಹೊತ್ತು?" ಎಂದು ನಿಮಿಷಕ್ಕೊಮ್ಮೆ ಕೇಳುವುದರಿಂದ ಅವಸರ ಹುಟ್ಟುತ್ತದೆ.

• ಗುಂಪನ್ನು ಸರಿಸು, ಮೊಬೈಲುಗಳನ್ನು ಇಳಿಸು. ಬೈದರೆ ಜನ ಸರಿಯುವುದಿಲ್ಲ, ಕೆಲಸ ಕೊಟ್ಟರೆ ಸರಿಯುತ್ತಾರೆ. ಒಬ್ಬನಿಗೆ ರಸ್ತೆ ಬಂದ್ ಮಾಡಲು, ಒಬ್ಬನಿಗೆ ಕಂಬಳಿ ತರಲು, ಒಬ್ಬನಿಗೆ ಡಾಕ್ಟರನ್ನು ಕರೆಯಲು ಹೇಳು. ಮನೆಯವರನ್ನು ಕರೆಸುವ ಮೊದಲು ಕೇಳು, ಜಗಳ ಯಾರ ಜೊತೆ ಎಂದು. ಯಾರಿಂದ ಓಡಿ ಬಂದಿದ್ದಾನೋ ಅವರನ್ನೇ ಮುಂದೆ ತಂದು ನಿಲ್ಲಿಸಿದರೆ ಕೆಟ್ಟಿತು.

• ಕಲೆಕ್ಟರ್ ಕಚೇರಿಯ ಮುಂದೆ ಆತ್ಮದಹನದ ಎಚ್ಚರಿಕೆ ನಮ್ಮ ಜಿಲ್ಲೆಗಳಲ್ಲಿ ಜನವರಿ 26, ಆಗಸ್ಟ್ 15 ಬಂತೆಂದರೆ ಬರುತ್ತದೆ. ನೀರಿನ ಟಾಕಿ ಏರುವ 'ಶೋಲೆ ಸ್ಟೈಲ್' ಆಂದೋಲನವೂ ಹಾಗೇ. ಇದನ್ನು ನಾಟಕವೆಂದು ತಿಳಿದು ನಗುವವರಿದ್ದಾರೆ. ನಗಬೇಡ. ಜಮೀನಿನ ನಕಾಶೆಗೆ, ತಡೆದ ಪಗಾರಕ್ಕೆ, ಅತಿಕ್ರಮಣದ ಅರ್ಜಿಗೆ ವರ್ಷಗಟ್ಟಲೆ ಅಲೆದು ಕೊನೆಗೆ ಡಬ್ಬಿ ಹಿಡಿದು ಬಂದವನು ಆತ. ಒಳ್ಳೆಯ ಠಾಣೆಯವರು ಎಚ್ಚರಿಕೆಯ ಪತ್ರ ಬಂದ ದಿನವೇ ಅವನ ಮನೆಗೆ ಹೋಗುತ್ತಾರೆ, ಕಾಗದ ನೋಡುತ್ತಾರೆ, ಸಂಬಂಧಪಟ್ಟ ಇಲಾಖೆಯವನನ್ನು ಎದುರಿಗೆ ಕೂರಿಸುತ್ತಾರೆ. ಅಂಗಳದಲ್ಲಿ ಕಂಬಳಿ, ನೀರಿನ ಕ್ಯಾನು ಹಿಡಿದು ನಿಲ್ಲುವುದು ಕೊನೆಯ ಉಪಾಯ. ಕಾನೂನೂ ತಿಳಿದಿರಲಿ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರನನ್ನು ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ 226ನೇ ಕಲಮಿನಲ್ಲಿ ಅಪರಾಧವಾಗಿ ಉಳಿದಿದೆ. ಆ ಕಲಮನ್ನು ಡಬ್ಬಿ ಹಿಡಿದವನ ಮುಂದೆ ಓದಿ ಹೇಳುವ ಹೊತ್ತು ಅದಲ್ಲ.

• 2017ರ ಮಾನಸಿಕ ಆರೋಗ್ಯ ಸೇವೆ ಕಾಯ್ದೆಯ 100ನೇ ಕಲಮು ಬಾಯಿಪಾಠ ಮಾಡು. ಇದು ಜಾರಿಗೆ ಬಂದದ್ದು 2018ರ ಮೇ 29ರಂದು, ಆದರೂ ನಾನು ಮಾತಾಡಿಸಿದ ಎಷ್ಟೋ ಪೊಲೀಸರಿಗೆ ಗೊತ್ತಿಲ್ಲ. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವನನ್ನು, ಅಥವಾ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ತಂದುಕೊಳ್ಳಬಹುದಾದವನನ್ನು, ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಅದು ರಕ್ಷಣೆ, ಬಂಧನವಲ್ಲ. ಏಕೆ ಕರೆದೊಯ್ಯುತ್ತಿದ್ದೇವೆ ಎಂದು ಅವನಿಗೆ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಪರಿಸ್ಥಿತಿಯಲ್ಲೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಮಠ ಇಲ್ಲದೆ ಅಲೆಯುವವನಾದರೆ ನಾಪತ್ತೆ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಕೆಲಸವೇ. ಮಿರಜ ಜಂಕ್ಷನ್ನಿನಲ್ಲಿ ಯಾವ ರಾಜ್ಯದವರೆಂದು ತಿಳಿಯದ ಇಂಥ ಜನ ಇಳಿಯುತ್ತಾರೆ. ಮುಂದಿನ ರೈಲಿಗೆ ಹತ್ತಿಸಿ ಬೇರೆ ಊರಿಗೆ ಸಾಗಹಾಕುವ ಹಳೆಯ ಪದ್ಧತಿ ಪಾಪದ ಕೆಲಸ, ಈಗ ಕಾನೂನಿಗೂ ವಿರುದ್ಧ. ಅದೇ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಸ್ಟೇಷನ್ ಡೈರಿಯಲ್ಲಿ 'ಹುಚ್ಚ' ಎಂದು ಬರೆಯಬೇಡ. ಕಂಡದ್ದನ್ನು ಬರೆ: ಒಬ್ಬನೇ ಮಾತಾಡುತ್ತಿದ್ದ, ಚಳಿಯಲ್ಲಿ ಅಂಗಿ ಇರಲಿಲ್ಲ, ಹೆಸರು ಹೇಳಲಿಲ್ಲ.

• ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಬಂದರೆ ಕೆಲಸ ಮುಗಿಯುವುದಿಲ್ಲ. 1987ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಚಾಕು ಹಿಡಿದಿದ್ದ ಒಬ್ಬ ಮಾನಸಿಕ ರೋಗಿ ಪೊಲೀಸರ ಗುಂಡಿಗೆ ಸತ್ತ. ಊರು ಸಿಟ್ಟಿಗೆದ್ದಿತು. ಮರುವರ್ಷ ಅಲ್ಲಿಯ ಪೊಲೀಸರು, ಮನೋವೈದ್ಯರು, ರೋಗಿಗಳ ಮನೆಯವರು ಕೂಡಿ 40 ಗಂಟೆಗಳ ತರಬೇತಿ ಕಟ್ಟಿದರು. ಗಸ್ತಿನ ಪೊಲೀಸರಲ್ಲಿ ತಾವಾಗಿ ಮುಂದೆ ಬಂದವರಿಗೆ ಅದನ್ನು ಕೊಟ್ಟರು. ತರಬೇತಿಯ ಜೊತೆ ಇನ್ನೊಂದು ಏರ್ಪಾಡೂ ಆಯಿತು, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಪೊಲೀಸರು ಕರೆತಂದವರನ್ನು ತಿರುಗಿ ಕಳಿಸದೆ ಬೇಗ ಒಳಗೆ ತೆಗೆದುಕೊಳ್ಳುವ ಒಂದು ಆಸ್ಪತ್ರೆ. ನಮ್ಮಲ್ಲಿ ಶಿಪಾಯಿ ರೋಗಿಯನ್ನು ಹಿಡಿದು ಕ್ಯಾಜುವಲ್ಟಿಯಲ್ಲಿ ಅರ್ಧ ದಿನ ನಿಲ್ಲುತ್ತಾನೆ. ಮುಂದಿನ ಸಲ ಅವನಿಗೆ ಲಾಕಪ್ಪೇ ಸುಲಭವೆನಿಸುತ್ತದೆ. ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸಾಂಗಲಿಯಲ್ಲಿ ವಸಂತದಾದಾ ಪಾಟೀಲ ಸರ್ಕಾರಿ ಆಸ್ಪತ್ರೆ ಇದೆ, ಬೆಳಗಾವಿಯ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಲ್ಲಿಯ ಮನೋರೋಗ ವಿಭಾಗದ ಡಾಕ್ಟರರನ್ನು ಪ್ರಸಂಗ ಬರುವ ಮೊದಲೇ ಹೋಗಿ ಭೇಟಿಯಾಗು. ಗುರುತಿನ ಮುಖ ಕಂಡರೆ ಬಾಗಿಲು ಬೇಗ ತೆರೆಯುತ್ತದೆ.

• ಇನ್ನು ಹೊಳೆಯ ಮಾತು. ಹರಿಪುರದವನಾಗಿ ಇದನ್ನು ಬಿಡಲಾರೆ. 2005ರಲ್ಲಿ ಮಹಾಪೂರ ಬಂದಾಗ ನಮ್ಮೂರಿನ ನೆಲದಡಿಯ ಅರಿಶಿನದ ಹಗೇವುಗಳಿಗೆ ನೀರು ಹೊಕ್ಕು ಮಾಲು ಹೋಯಿತು, ಹಗೇವುಗಳೂ ಹಾಳಾದವು. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ದಾಟಿತು. ಅಲ್ಲಿ ಎಚ್ಚರಿಕೆಯ ಮಟ್ಟ 40 ಅಡಿ, ಅಪಾಯದ ಮಟ್ಟ 45. 2021ರಲ್ಲಿ ಮತ್ತೆ ಬಂತು. ಪ್ರತಿ ಸಲವೂ ಪೊಲೀಸರ ದೊಡ್ಡ ಕೆಲಸ ದೋಣಿ ಹುಟ್ಟು ಹಾಕುವುದಕ್ಕಿಂತ ಮನೆ ಬಿಡಲೊಲ್ಲದ ಜನರನ್ನು ಒಪ್ಪಿಸುವುದೇ ಆಗಿತ್ತು.
ಅವರು ಮೊಂಡರಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ಅಟ್ಟದ ಮೇಲೆ ಜೋಳ ಇದೆ, ಹಾಸಿಗೆಯಲ್ಲಿ ಮುದುಕ ಇದ್ದಾನೆ, ಬೀಗ ಹಾಕಿ ಹೋದರೆ ಕಳ್ಳರ ಭಯ. "ಜೀವ ದೊಡ್ಡದೋ ಎಮ್ಮೆ ದೊಡ್ಡದೋ" ಎಂದು ಗದರುವವನಿಗೆ ಎಮ್ಮೆಯ ಬೆಲೆ ಗೊತ್ತಿಲ್ಲ. ದನಗಳಿಗೆ ಎಲ್ಲಿ ಜಾಗ, ಮೇವು ಯಾರು ಕೊಡುತ್ತಾರೆ, ಓಣಿಯಲ್ಲಿ ರಾತ್ರಿ ಗಸ್ತು ಯಾರದು, ಇಷ್ಟನ್ನು ತಿಳಿದುಕೊಂಡು ಹೋಗಿ ಹೇಳು. ಎಮ್ಮೆ ಮೊದಲು ಸಾಗಿದರೆ ಅಜ್ಜಿ ತಾನೇ ಹಿಂದೆ ಬರುತ್ತಾಳೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬನೇ ಹೋಗಬೇಡ, ಪೊಲೀಸ್ ಪಾಟೀಲನನ್ನೋ ಹಾಲಿನ ಡೇರಿಯವನನ್ನೋ ಗುಡಿಯ ಗುರವನನ್ನೋ ಕರೆದುಕೊ. ನೀರಿನ ಮಟ್ಟವನ್ನು ಅಡಿಯ ಲೆಕ್ಕದಲ್ಲಿ ಹೇಳು. ಇಲ್ಲಿಯ ಜನ 2005ರಲ್ಲಿ ನೀರು ಯಾವ ಮೆಟ್ಟಿಲಿಗೆ ಬಂದಿತ್ತು, 2019ರಲ್ಲಿ ಯಾವ ಕಿಟಕಿಗೆ ಬಂದಿತ್ತು ಎಂದು ಗೋಡೆಯ ಗುರುತಿನಿಂದ ಬಲ್ಲರು. "ಏನೂ ಆಗೋದಿಲ್ಲ" ಎಂದೂ ಹೇಳಬೇಡ, "ಎಲ್ಲಾ ಮುಳುಗತೈತಿ" ಎಂದೂ ಹೇಳಬೇಡ.

• ಹೊಳೆ ಏರುವಾಗ ನೀರಿಗಿಂತ ವೇಗವಾಗಿ ಸುದ್ದಿ ಏರುತ್ತದೆ. "ಕೊಯ್ನಾ ಒಡೆಯಿತು", "ಆಲಮಟ್ಟಿ ಬಾಗಿಲು ತೆಗೆಯಲಿಲ್ಲ" ಎಂದು ಮೊಬೈಲಿನಲ್ಲಿ ಹರಿದಾಡಿದ್ದನ್ನು ನೋಡಿದ್ದೇವೆ. ಆಲಮಟ್ಟಿ ಅಣೆಕಟ್ಟಿನ ಹೆಸರಲ್ಲಿ ಎರಡು ರಾಜ್ಯಗಳ ಜನ ಒಬ್ಬರನ್ನೊಬ್ಬರು ಬೈದದ್ದೂ ಆಯಿತು. ನಿನಗೆ ಗೊತ್ತಿರುವುದನ್ನು ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು, ಮುಂದಿನ ಸುದ್ದಿ ಎಷ್ಟು ಗಂಟೆಗೆ ಹೇಳುತ್ತೀ ಎಂದು ತಿಳಿಸಿ ಆ ಗಂಟೆಗೆ ಬಂದು ನಿಲ್ಲು. ಹೊಸದೇನೂ ಇಲ್ಲದಿದ್ದರೂ ಬಾ. ಗುಡಿಯ ಧ್ವನಿವರ್ಧಕ, ಮಸೀದಿಯ ಧ್ವನಿವರ್ಧಕ ಎರಡನ್ನೂ ಕೇಳಿ ಪಡೆದುಕೊ. ಮರಾಠಿಯ ನಂತರ ಕನ್ನಡದಲ್ಲೂ ಹೇಳು.

• ದೋಣಿಯ ಹತ್ತಿರ ನಿಂತ ಪೊಲೀಸನ ಮಾತಿಗೆ ಜೀವದ ಬೆಲೆ. 2019ರ ಆಗಸ್ಟ್ 8ರಂದು ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹೆಂಗಸರು, ಮಕ್ಕಳು ಮುಳುಗಿದರು. ತಾಳಲಾಗದಷ್ಟು ಜನ ಅದರಲ್ಲಿ ಹತ್ತಿದ್ದರು. ಇದೇ ಕೊನೆಯ ದೋಣಿ ಎನಿಸಿದರೆ ಯಾರಾದರೂ ಹತ್ತಿಯೇ ಹತ್ತುತ್ತಾರೆ. ಹೀಗಾಗಿ ದಂಡೆಯಲ್ಲಿ ನಿಂತವನು ಎಣಿಸಬೇಕು, ಹೆಸರು ಬರೆಯಬೇಕು, "ಈ ದೋಣಿ ತಿರುಗಿ ಬರತೈತಿ, ಮುಂದಿನ ಸರದಿ ನಿಮ್ಮದು, ಅಲ್ಲಿವರೆಗೂ ನಾ ಇಲ್ಲೇ ನಿಂತಿರ್ತೀನಿ" ಎಂದು ಮುಖ ನೋಡಿ ಹೇಳಬೇಕು, ಮತ್ತು ಕೊನೆಯವರು ದಾಟುವ ತನಕ ನಿಂತಿರಬೇಕು.

• ಮನೆಜಗಳಕ್ಕೆ ಹೋದಾಗ ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಮಾತಾಡಿಸಿ. ಅಡುಗೆಮನೆಯಲ್ಲಿ ನಿಲ್ಲಿಸಬೇಡಿ, ಅಲ್ಲಿ ಈಳಿಗೆಯಿದೆ, ಒಲೆಯಿದೆ. "ಸಂಸಾರದಾಗ ಇದ್ದದ್ದೇ" ಎಂದು ಹೊಂದಿಸಿ ಬರುವ ಚಟ ಬಿಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಆಕೆಗೆ ಯಾವ ಹಕ್ಕು ಕೊಟ್ಟಿದೆ ಎಂದು ಆಕೆಗೆ ಹೇಳುವುದು ನಿಮ್ಮ ಕರ್ತವ್ಯ ಎಂದು ಅದೇ ಕಾಯ್ದೆ ಹೇಳುತ್ತದೆ.

• ಮಕ್ಕಳ ಹತ್ತಿರ ಖಾಕಿ ತೊಟ್ಟು ಹೋಗಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 24ನೇ ಕಲಮಿನ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಪಿಎಸ್‌ಐ ದರ್ಜೆಗೆ ಕಡಿಮೆಯಲ್ಲದವರು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಾಲ್ಯವಿವಾಹ ತಡೆಯಲು ಹೋದಾಗಲೂ ಮೊದಲು ಆ ಹುಡುಗಿಯನ್ನು ಬದಿಗೆ ಕರೆದು ಕೇಳು. ಇದೇ ಹರಿಪುರದಲ್ಲಿ ಹುಟ್ಟಿದ ಗೋವಿಂದ ಬಲ್ಲಾಳ ದೇವಲರು 1899ರಲ್ಲೇ 'ಶಾರದಾ' ನಾಟಕದಲ್ಲಿ ಮುದುಕನಿಗೆ ಕೊಡಲು ಹೊರಟ ಬಾಲಕಿಯ ಸಂಕಟ ತೋರಿಸಿದರು. ಮಂಟಪದಲ್ಲಿ ಎಲ್ಲರ ಮಾತು ಕೇಳುತ್ತದೆ, ಆಕೆಯದೊಂದು ಕೇಳುವುದಿಲ್ಲ. ಮಕ್ಕಳ ಸಹಾಯವಾಣಿ 1098.

• ಸಾವಿನ ಸುದ್ದಿ ಫೋನಿನಲ್ಲಿ ಹೇಳಬೇಡ. ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡವರ ಮನೆ ಅಥಣಿಯಲ್ಲಿದ್ದರೆ ಅಥಣಿ ಠಾಣೆಯವರಿಗೆ ಹೇಳಿ ಯಾರಾದರೂ ಮನೆಗೆ ಹೋಗುವಂತೆ ಮಾಡು. ಹೋದವನು ಹೊಸ್ತಿಲಲ್ಲಿ ನಿಂತು ಹೇಳದೆ ಒಳಗೆ ಕೂತು, ಯಾರು ಏನಾಗಬೇಕೆಂದು ಖಾತ್ರಿ ಮಾಡಿಕೊಂಡು, ಹೆಸರು ಹಿಡಿದು, "ತೀರಿಕೊಂಡರು" ಎಂದು ಬಿಚ್ಚಿ ಹೇಳಲಿ. "ಸ್ವಲ್ಪ ಸೀರಿಯಸ್ ಇದೆ, ಬನ್ನಿ" ಎಂದು ಸುಳ್ಳು ಹೇಳಿ ಕರೆಸಿದರೆ ಅವರು ದಾರಿಯುದ್ದಕ್ಕೂ ಹರಕೆ ಹೊರುತ್ತ ಬರುತ್ತಾರೆ. ಹೇಳಿದ ಮೇಲೆ ಕೂಡಲೇ ಎದ್ದು ಹೋಗಬಾರದು. ಪಂಚನಾಮೆ, ಶವಪರೀಕ್ಷೆ, ಹೆಣ ಯಾವಾಗ ಸಿಗುತ್ತದೆ, ಗಾಡಿಗೆ ಎಷ್ಟು ಹಣ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಾ. ಆ ಹೊತ್ತಿನಲ್ಲಿ ಕೇಳಿದ್ದು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಕೃಷ್ಣೆಯಲ್ಲಿ ಮುಳುಗಿದವರ ಹೆಣ ನರಸೋಬವಾಡಿ ದಾಟಿ ಯಡೂರು, ಉಗಾರ, ಕುಡಚಿಯವರೆಗೂ ಹೋದೀತು. "ನಮ್ಮ ಹದ್ದು ಅಲ್ಲ" ಎಂಬ ಮಾತು ಆ ಮನೆಯವರ ಕಿವಿಗೆ ಬೀಳಬಾರದು. ಈಗ ಯಾವ ಠಾಣೆಯಲ್ಲಿ ಬೇಕಾದರೂ ಝೀರೋ ಎಫ್‌ಐಆರ್ ಆಗುತ್ತದೆ.

• ಠಾಣೆಯೊಳಗೆ ಒಂದು ಬಾಯಿ, ಹೊರಗೆ ಒಂದು ಬಾಯಿ ಎಂದು ಇರುವುದಿಲ್ಲ. 2017ರ ನವೆಂಬರಿನಲ್ಲಿ ಸಾಂಗಲಿಯಲ್ಲಿ ಪೊಲೀಸ್ ಕಸ್ಟಡಿಯಲ್ಲಿದ್ದ ಯುವಕನೊಬ್ಬ ಸತ್ತ. ಹೆಣವನ್ನು ಅಂಬೋಲಿ ಘಟ್ಟಕ್ಕೆ ಒಯ್ದು ಸುಟ್ಟರೆಂದು ಪೊಲೀಸರೇ ಬಂಧಿತರಾದರು. ಆಮೇಲೆ ಬಹಳ ಕಾಲ ಈ ಜಿಲ್ಲೆಯ ಯಾವ ಪೊಲೀಸ್ "ನನ್ನ ನಂಬು, ಕೆಳಗಿಳಿ ಬಾ" ಎಂದರೂ ಜನರಿಗೆ ಅದೇ ನೆನಪಾಗುತ್ತಿತ್ತು. ಕೋಣೆಯೊಳಗೆ ಮುರಿದ ನಂಬಿಕೆಯನ್ನು ಸೇತುವೆಯ ಮೇಲೆ ಕಟ್ಟಲಾಗುವುದಿಲ್ಲ.

• ಪ್ರಸಂಗ ಮುಗಿದ ಮೇಲೆ, ಉಳಿಸಿದ ಜೀವವಾಗಲಿ ಉಳಿಸಲಾಗದ ಜೀವವಾಗಲಿ, ನಿನ್ನ ಜೊತೆಗಿದ್ದವರೆಲ್ಲ ಹತ್ತು ನಿಮಿಷ ಕೂತು ಮಾತಾಡಿ. ಮನೆಗೆ ಹೋಗಿ ಬಾಟಲಿ ಬಿಚ್ಚಬೇಡ. ಗಣಪತಿ ಹಬ್ಬದ ಬಂದೋಬಸ್ತು, ಚುನಾವಣೆ, ಮಹಾಪೂರ ಎಂದು ಮೇಲಿಂದ ಮೇಲೆ ನಿದ್ದೆಗೆಟ್ಟ ಪೊಲೀಸನಿಗೆ ಇನ್ನೊಬ್ಬರ ಕಷ್ಟ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ನಿದ್ದೆ ಬಾರದಿದ್ದರೆ, ಕಂಡದ್ದೇ ಕಣ್ಣಮುಂದೆ ಬರುತ್ತಿದ್ದರೆ, ಡಾಕ್ಟರರಿಗೆ ತೋರಿಸು. ಜೊತೆಯ ಶಿಪಾಯಿ ಮಾತು ಕಡಿಮೆ ಮಾಡಿದರೆ, ರಜೆ ಕೇಳಿ ಕೇಳಿ ಸುಮ್ಮನಾದರೆ, ಸೇತುವೆಯ ಮೇಲಿನವನಿಗೆ ಕೇಳಿದ ನೇರ ಪ್ರಶ್ನೆಯನ್ನೇ ಅವನಿಗೂ ಕೇಳು.

• ಕೊನೆಯದು ಮಕ್ಕಳಿಗಲ್ಲ, ಅವರ ಮೇಲಿನ ಸಾಹೇಬರಿಗೆ. ತುರ್ಚಿಯವರೂ ಖಾನಾಪುರದವರೂ ವರ್ಷಕ್ಕೊಮ್ಮೆ ಗಡಿ ಠಾಣೆಗಳ ಪೊಲೀಸರನ್ನು ಒಟ್ಟಿಗೆ ಕೂರಿಸಿ, ಮಿರಜದ ಮತ್ತು ಧಾರವಾಡದ ಮನೋವೈದ್ಯರನ್ನು ಕರೆಸಿ, ಎರಡೂ ಭಾಷೆಗಳಲ್ಲಿ ಈ ತರಬೇತಿ ಕೊಡಬೇಕು. ಮೆಂಫಿಸಿನವರಿಗೆ 40 ಗಂಟೆ ಸಾಕಾಯಿತು, ಅಂದರೆ ಒಂದು ವಾರದ ಕೆಲಸ. ಅಲ್ಲಿಯವರೆಗೆ ಪ್ರತಿ ಠಾಣೆಯ ಗೋಡೆಯ ಮೇಲೆ, ಪ್ರತಿ ಜೀಪಿನ ಬಾಗಿಲಿನ ಒಳಬದಿಗೆ 14416 ಎಂದು ದೊಡ್ಡದಾಗಿ ಬರೆಸಿ. ಅದು 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಕರೆ ತೆಗೆದುಕೊಳ್ಳುತ್ತಾರೆ, ಹಣ ಬೇಡ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ.